ಕಹಿಯ ರುಚಿಯೂ ಕುಡಿತದ ನೆಪವೂ

ಅಮರಕೋಶವು ನಾಲಗೆಗೆ ಹೇಳುವ ಹೆಸರುಗಳಲ್ಲಿ ‘ರಸಜ್ಞಾ’ ಎಂಬುದೂ ಒಂದು. ರಸವನ್ನು ಅರಿಯತಕ್ಕದ್ದೆಂದು ಅದರ ಅರ್ಥ, ರಸವನ್ನು ನುಂಗತಕ್ಕದ್ದೆಂದಲ್ಲ. ಅರಿಯುವ ಕೆಲಸ ನಾಲಗೆಯದು, ನುಂಗುವ ಕೆಲಸ ಗಂಟಲಿನದು. ಈ ಎರಡಕ್ಕೂ ನಡುವಣ ದೂರವು ಅಳತೆಯಲ್ಲಿ ಕೆಲವೇ ಅಂಗುಲಗಳಾದರೂ ನಡತೆಯಲ್ಲಿ ಬಹಳ ದೊಡ್ಡದು. ಈ ದೂರವನ್ನು ಮರೆಮಾಡಿ, ಗಂಟಲಿನ ಕೆಲಸಕ್ಕೆ ನಾಲಗೆಯ ಹೆಸರನ್ನು ಕೊಡುವ ಒಂದು ಹೊಸ ಪದ್ಧತಿಯು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಕಾಫಿ ಬೆಟ್ಟಗಳಲ್ಲಿ ಈಚೆಗೆ ಬೇರೂರುತ್ತಿರುವುದರಿಂದ, ಆ ವಿಷಯವನ್ನು ಸ್ವಲ್ಪ ವಿಚಾರಮಾಡಬೇಕಾಗಿದೆ.

ಆ ಪದ್ಧತಿಯು ಯಾವುದೆಂದರೆ, ‘ಕ್ರಾಫ್ಟ್ ಬಿಯರ್’ ಎಂದು ಕರೆಯುವ ಪಾನೀಯಗಳಲ್ಲಿ ಕಹಿಯೂ ಮಾದಕತೆಯೂ ಹೆಚ್ಚಾದ ಜಾತಿಯನ್ನು ‘ರುಚಿ ನೋಡುವುದು’. ಬೆಂಗಳೂರಿನಲ್ಲಿ 2010-11ರ ಸುಮಾರಿಗೆ ಟಾಯ್ಟ್, ಬಿಯರ್ ಕ್ಲಬ್ ಮೊದಲಾದ ಪಾನಗೃಹಗಳು ತಮ್ಮ ಆವರಣದಲ್ಲಿಯೇ ಬಿಯರನ್ನು ಕುದಿಸಿ ಮಾರತೊಡಗಿದವು. ಅಂದಿನಿಂದ ಈ ವಿದ್ಯೆಯ ಉಪಾಸಕರು ಹೆಚ್ಚಿದರು. ಸೀಸೆಯಲ್ಲಿಯೂ ಡಬ್ಬಿಯಲ್ಲಿಯೂ ತುಂಬಿದ ಸರಕು ಜಿಲ್ಲೆಗಳಿಗೆ ಹರಡಿತು. ಶನಿವಾರ ಬಂದರೆ ಅದು ಬೆಟ್ಟವೇರಿ ತೋಟದ ಬಂಗಲೆಯ ಜಗಲಿಗೂ ಬರುತ್ತದೆ. ಅತಿಥಿಗಳು ಮಾತ್ರವೇ ಇದರಲ್ಲಿ ತೊಡಗಿದ್ದರೆ ಊರವರು ಚಿಂತಿಸಬೇಕಾದದ್ದು ಅಷ್ಟಾಗಿ ಇರಲಿಲ್ಲ. ಓದಿ ಕೆಲಸಕ್ಕೆ ಹೋದ ಮನೆಮಕ್ಕಳೂ ರಜೆಗೆ ಬಂದಾಗ ಲೋಟವನ್ನು ಬೆಳಕಿಗೆ ಹಿಡಿದು, “ಇದರಲ್ಲಿ ಕಿತ್ತಳೆ ಸಿಪ್ಪೆಯ ಕಂಪಿದೆ, ಅಪ್ಪಯ್ಯ, ಇದು ಕುಡಿತವಲ್ಲ, ರುಚಿಪರೀಕ್ಷೆ” ಎಂದು ಹೇಳುತ್ತಾರೆ. ಅಪ್ಪಯ್ಯನವರು ಏನು ಹೇಳಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ. ಹೇಳಬೇಕಾದ ಉತ್ತರವೊಂದು ಉಂಟು.

ಎದುರುಪಕ್ಷವನ್ನು ಖಂಡಿಸುವ ಮೊದಲು ಅದರ ವಸ್ತುವನ್ನು ಸರಿಯಾಗಿ ತಿಳಿಯುವುದು ವಾದಧರ್ಮ. ಜವೆಗೋಧಿಯನ್ನು ಮೊಳಕೆ ಕಟ್ಟಿಸಿ, ಒಣಗಿಸಿ, ನುಚ್ಚು ಮಾಡಿ, ಬಿಸಿನೀರಿನಲ್ಲಿ ನೆನೆಸಿದರೆ ಅದರ ಹಿಟ್ಟಿನ ಅಂಶವು ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟಿನಿಂದ ಹುದುಗಿಸಿದರೆ ಬಿಯರ್ ಆಗುತ್ತದೆ. ಹಾಪ್ಸ್ ಬಳ್ಳಿಯಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಹೆಣ್ಣು ಬಳ್ಳಿಯ ಗೊಂಚಲಿನ ಒಳಗೆ ಹಳದಿಯ ಹುಡಿಯಂಥ ಅಂಟು ಇರುತ್ತದೆ. ಆ ಅಂಟಿನಲ್ಲಿರುವ ಆಮ್ಲಗಳು ಕುದಿಯುವಾಗ ರೂಪಾಂತರ ಹೊಂದಿ ಕಹಿಯನ್ನು ಕೊಡುತ್ತವೆ. ಒಂದು ಲೀಟರಿನಲ್ಲಿ ಈ ಕಹಿದ್ರವ್ಯವು ಎಷ್ಟು ಮಿಲಿಗ್ರಾಂ ಇದೆಯೆಂಬುದೇ ಸ್ಥೂಲವಾಗಿ ಅದರ ಮಾನ. ಸಾಮಾನ್ಯವಾದ ತಿಳಿ ಬಿಯರಿನಲ್ಲಿ ಅದು 10ರಿಂದ 20. ಈ ಹೊಸ ಜಾತಿಯಲ್ಲಿ 40ರಿಂದ 70. ಆರಿದ ಬಿಯರಿನಲ್ಲಿ ಮತ್ತೊಮ್ಮೆ ಹೂವನ್ನು ನೆನೆಹಾಕಿ ಕಿತ್ತಳೆ, ಚಕೋತ, ದೇವದಾರುಗಳನ್ನು ನೆನಪಿಗೆ ತರುವ ಕಂಪನ್ನು ಏರಿಸುವುದೂ ಉಂಟು. ಇದರಲ್ಲಿ ಜಾಣ್ಮೆಯಿದೆ, ಶ್ರಮವಿದೆ, ಶುಚಿತ್ವದ ಕಟ್ಟುನಿಟ್ಟಿದೆ. ಕುದಿಸುವವನು ಕುಶಲನೆಂಬುದನ್ನು ಒಪ್ಪದಿದ್ದರೆ ಅದು ಮಾತ್ಸರ್ಯವಾದೀತು. ಆದರೆ ಮಾಡುವವನ ಕೌಶಲವು ಕುಡಿಯುವವನ ಗುಣವಾಗುವುದಿಲ್ಲ. ವೀಣೆಯನ್ನು ಮಾಡಿದ ಬಡಗಿಯು ನಿಪುಣನೆಂದಮಾತ್ರಕ್ಕೆ ಕೊಂಡವನು ವೈಣಿಕನಾಗುವನೆ?

ಈ ಜಾತಿಗೆ ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರಿರುವುದರಿಂದ, ಇದು ಹೇಗೋ ಭಾರತದ ಸ್ವತ್ತೆಂದು ಹೆಮ್ಮೆಪಡುವವರೂ ಇದ್ದಾರೆ. ಹೆಸರಿನ ಚರಿತ್ರೆಯನ್ನು ನೋಡಿದರೆ ಹೆಮ್ಮೆಯು ನಿಲ್ಲುವುದಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ನನ ಕಾರ್ಖಾನೆಯಿಂದಲೂ, 1820ರ ದಶಕದಿಂದ ಬರ್ಟನ್ ಪಟ್ಟಣದ ಕಾರ್ಖಾನೆಗಳಿಂದಲೂ, ಈಸ್ಟ್ ಇಂಡಿಯಾ ಕಂಪೆನಿಯ ವ್ಯಾಪಾರಮಾರ್ಗದಲ್ಲಿ ತಿಳಿಬಣ್ಣದ ಕಹಿ ಬಿಯರು ಕಲ್ಕತ್ತೆ, ಮದರಾಸು, ಬೊಂಬಾಯಿಗಳಿಗೆ ಬರುತ್ತಿತ್ತು. ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಸೆಕೆಯನ್ನು ಸಹಿಸಿ ಬರಬೇಕಾದ್ದರಿಂದ ಅದಕ್ಕೆ ಹಾಪ್ಸು ಹೆಚ್ಚು ಬೀಳುತ್ತಿತ್ತು; ಆ ಹೂವಿನ ಅಂಟಿಗೆ ಕೊಳೆಯಿಸುವ ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿಯುಂಟು. ಅಂದರೆ, ಇಂದು ರಸದ ಪರಾಕಾಷ್ಠೆಯೆಂದು ಹೊಗಳಿಸಿಕೊಳ್ಳುವ ಕಹಿಯು ಅಂದು ಉಪ್ಪಿನಕಾಯಿಗೆ ಹಾಕುವ ಉಪ್ಪಿನಂತೆ ಕೆಡದಿರಲೆಂದೂ ಹಾಕಿದ್ದು. ಕುಡಿದವರು ಇಲ್ಲಿದ್ದ ಆಂಗ್ಲ ಅಧಿಕಾರಿಗಳು, ವರ್ತಕರು. ಅದರಲ್ಲಿ ಭಾರತದ್ದೆಂಬುದು ಸೆಕೆಯೊಂದೇ! ಹಾಪ್ಸ್ ಬಳ್ಳಿಯಾದರೂ ಬೇಸಗೆಯ ಹಗಲು ಬಹಳ ದೀರ್ಘವಾಗಿರುವ ಉತ್ತರದ ಸೀಮೆಗಳದು. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಂಥ ಕಡೆ ಸ್ವಲ್ಪ ಬೆಳೆಯುತ್ತದೆ. ಮಲೆನಾಡಿನ ಹಗಲಿಗೂ ಮಳೆಗೂ ಅದು ಒಗ್ಗತಕ್ಕದ್ದಲ್ಲ. ಹಿತ್ತಲಿನಲ್ಲಿ ಬೆಳೆಯದ ಕಹಿಯನ್ನು ಹೊರಗಿನಿಂದ ತಂದು, ಹಿತ್ತಲಿನ ಕಹಿಯ ನಡುವೆ ಕುಳಿತು ಅದನ್ನು ವರ್ಣಿಸುವ ಈ ವೈಚಿತ್ರ್ಯವನ್ನು ಮುಂದೆ ನೋಡಬೇಕಾಗಿದೆ. ಮೊದಲು ಪೂರ್ವಪಕ್ಷಗಳನ್ನು ಒಂದೊಂದಾಗಿ ಎತ್ತಿಕೊಳ್ಳಬಹುದು.

ಮೊದಲನೆಯ ಪೂರ್ವಪಕ್ಷ: ‘ಇದು ಕುಡಿತವಲ್ಲ, ರುಚಿಪರೀಕ್ಷೆ, ಕುಡುಕನು ಅಮಲನ್ನು ಬಯಸುತ್ತಾನೆ, ರಸಜ್ಞನು ರಸವನ್ನು ಬಯಸುತ್ತಾನೆ.’

ಮಾತು ಸೊಗಸಾಗಿದೆ; ಆದರೆ ಪರೀಕ್ಷೆಯೆಂಬ ಶಬ್ದಕ್ಕೆ ಒಂದು ನಿಯಮವುಂಟು. ಚಿನಿವಾರನು ಚಿನ್ನವನ್ನು ಒರೆಗೆ ತೀಡಿ ನೋಡುತ್ತಾನೆ, ಮನೆಗೆ ಕೊಂಡೊಯ್ಯುವುದಿಲ್ಲ. ಕಾಫಿಯ ರುಚಿಪರೀಕ್ಷಕರು ಏನು ಮಾಡುತ್ತಾರೆ? ಸುಮಾರು 8 ಗ್ರಾಂ ಪುಡಿಗೆ 150 ಮಿಲಿಲೀಟರ್ ಬಿಸಿನೀರು ಹುಯ್ದು, ನಾಲ್ಕು ನಿಮಿಷ ಕಾದು, ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ಮೂಸಿ, ಸ್ವಲ್ಪ ಆರಿದ ಮೇಲೆ ಚಮಚದಲ್ಲಿ ಎತ್ತಿ ಸೊರ್ರೆಂದು ಹೀರಿ, ಬಾಯೆಲ್ಲ ಹರಡಿಸಿ, ಉಗುಳುತ್ತಾರೆ. ಒಂದೇ ಮಾದರಿಯ ಐದು ಬಟ್ಟಲುಗಳನ್ನಿಟ್ಟು, ಐದೂ ಒಂದೇ ಬಗೆಯಾಗಿವೆಯೆ ಎಂದು ನೋಡುತ್ತಾರೆ. ನೂರಕ್ಕೆ ಅಂಕ ಹಾಕುತ್ತಾರೆ. ದೋಷವಿದ್ದರೆ ದೋಷವೆಂದೇ ಬರೆಯುತ್ತಾರೆ. ಉಗುಳುವುದು ಅಲ್ಲಿ ಅಸಭ್ಯತೆಯಲ್ಲ, ವ್ರತ. ಉಗುಳಲು ಒಪ್ಪದ ಪರೀಕ್ಷಕನು ದಕ್ಷಿಣೆ ಸಿಕ್ಕಿದರಷ್ಟೇ ಸಾಕ್ಷಿ ಹೇಳುವವನಂತೆ.

ಇದಕ್ಕೆ ಅವರು ಕೊಡುವ ಸಮಾಧಾನವೊಂದುಂಟು. ಅದು ಬಲವಾದದ್ದೇ ಆದುದರಿಂದ ಮುಚ್ಚಿಡತಕ್ಕದ್ದಲ್ಲ. ‘ಹಾಪ್ಸಿನ ಕಹಿಯು ನುಂಗಿದ ಮೇಲೆ ಗಂಟಲಿನಲ್ಲಿ ನಿಂತು ತಿಳಿಯತಕ್ಕದ್ದು, ಆದುದರಿಂದ ಬಿಯರಿನ ಪರೀಕ್ಷಕರು ದ್ರಾಕ್ಷಾಮದ್ಯದ ಪರೀಕ್ಷಕರಂತೆ ಉಗುಳುವುದಿಲ್ಲ, ನುಂಗುತ್ತಾರೆ’ ಎನ್ನುತ್ತಾರೆ. ನಿಜ, ಸಾಮಾನ್ಯವಾಗಿ ನುಂಗುತ್ತಾರೆ. ಆದರೆ ಎಷ್ಟನ್ನು? ಸ್ಪರ್ಧೆಗಳ ಮೇಜಿನ ಮೇಲೆ ಒಂದೊಂದು ಮಾದರಿಗೂ ಸುರಿಯುವುದು ಕೆಲವು ಗುಟುಕುಗಳಷ್ಟು. ಮುಂದೆ ಕಾಗದವಿರುತ್ತದೆ, ಅಂಕವಿರುತ್ತದೆ, ಪಕ್ಕದಲ್ಲಿ ನೀರಿರುತ್ತದೆ. ಕಹಿಯನ್ನು ಗುರುತಿಸುವುದಕ್ಕೆ ಮನುಷ್ಯನ ಬಾಯಲ್ಲಿ ಸುಮಾರು 25 ಬಗೆಯ ಗ್ರಾಹಕಗಳಿವೆಯೆಂದು ಈಗಿನ ಶಾಸ್ತ್ರ ಹೇಳುತ್ತದೆ. ಅಷ್ಟು ಸೂಕ್ಷ್ಮವಾದ ಯಂತ್ರಕ್ಕೆ ಎರಡು ಗುಟುಕು ಸಾಲದೆ ಹೋಯಿತೆ? ಮೂರನೆಯ ಗುಟುಕಿನಲ್ಲಿ ತಿಳಿಯದ ಯಾವ ರಹಸ್ಯವು ಎರಡನೆಯ ಲೋಟದಲ್ಲಿ ತಿಳಿಯುತ್ತದೆ? ಜಗಲಿಯ ರಸಜ್ಞರು ಬರೆದಿಟ್ಟ ಕಾಗದವೊಂದನ್ನು ತೋರಿಸಲಿ. ಒಂದು ಗುಟುಕಿಗೆ ನಿಲ್ಲಿಸಿದ ಸಂಜೆಯೊಂದನ್ನು ತೋರಿಸಲಿ. ಅಂಥವರೊಡನೆ ಯಾರಿಗೂ ಜಗಳವಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕವನ್ನೂ ಮಾಡಬೇಕು. ಏಕೆಂದರೆ ‘ಬಿಯರಷ್ಟೆ’ ಎಂಬ ಮಾತು ಮನೆಗಳಲ್ಲಿ ಬಹಳ ಮೋಸಮಾಡುತ್ತದೆ. ನೂರಕ್ಕೆ 7 ಪಾಲು ಮದ್ಯಸಾರವಿರುವ ಬಿಯರನ್ನು ಅರ್ಧ ಲೀಟರು ಕುಡಿದವನ ಹೊಟ್ಟೆಗೆ 35 ಮಿಲಿಲೀಟರು ಮದ್ಯಸಾರ ಹೋಗುತ್ತದೆ. ಈ ದೇಶದ ವಿಸ್ಕಿಯಲ್ಲಿ ಸಾಮಾನ್ಯವಾಗಿ ಮದ್ಯಸಾರವು ನೂರಕ್ಕೆ 42.8, ಅದರ 30 ಮಿಲಿಲೀಟರಿನ ಒಂದು ಸಣ್ಣ ಪೆಗ್ಗಿನಲ್ಲಿ 12.8 ಮಿಲಿಲೀಟರು. ಆದ್ದರಿಂದ ಒಂದು ಲೋಟ ‘ರುಚಿ’ಯು ಎರಡೂಮುಕ್ಕಾಲು ಪೆಗ್ಗು ವಿಸ್ಕಿಗೆ ಸಮ. ನೂರಕ್ಕೆ 8 ಪಾಲಿನ 650 ಮಿಲಿಲೀಟರ್ ಸೀಸೆಯಾದರೆ ಸರಿಯಾಗಿ ನಾಲ್ಕು ಪೆಗ್ಗು. ಸಂಜೆ ಊಟಕ್ಕೆ ಮುಂಚೆ ಮಗನು ನಾಲ್ಕು ಪೆಗ್ಗು ವಿಸ್ಕಿ ಕುಡಿದನೆಂದರೆ ತಾಯಿ ಅನ್ನ ಬಿಟ್ಟಾಳು. ಒಂದು ಸೀಸೆ ಬಿಯರಿನ ರುಚಿ ನೋಡಿದನೆಂದರೆ ಹಪ್ಪಳ ಕರಿದು ಕೊಡುತ್ತಾಳೆ. ಶಬ್ದದ ಮಹಿಮೆ ಇಷ್ಟು ದೊಡ್ಡದು. ಇದಲ್ಲದೆ, ಬಲವಾದ ಕಹಿಯೂ ಕಂಪೂ ಮದ್ಯಸಾರದ ಉರಿಯನ್ನು ಮುಚ್ಚುತ್ತವೆ. ನಾಲಗೆಯು ಕಿತ್ತಳೆಯ ಸಿಪ್ಪೆಯನ್ನು ಹುಡುಕುತ್ತಿರುವಾಗ ಗಂಟಲಿನಿಂದಿಳಿದದ್ದರ ಲೆಕ್ಕವನ್ನು ತಲೆಯು ಆಮೇಲೆ ಒಪ್ಪಿಸುತ್ತದೆ.

ಎರಡನೆಯ ಪೂರ್ವಪಕ್ಷ: ‘ಕಹಿಯು ಆರೋಗ್ಯಕರವೆಂದು ಶಾಸ್ತ್ರವೇ ಹೇಳುತ್ತದೆ, ಆಯುರ್ವೇದದ ಆಸವ ಅರಿಷ್ಟಗಳಲ್ಲಿಯೂ ಮದ್ಯಾಂಶವಿದೆ, ಚರಕನೇ ಮದ್ಯದ ಗುಣಗಳನ್ನು ವರ್ಣಿಸಿದ್ದಾನೆ.’

ಈ ಮಾತನ್ನು ಸಂಸ್ಕೃತದ ಒಂದು ಪುಟವನ್ನೂ ಮಗುಚದವರು ಹೆಚ್ಚಾಗಿ ಹೇಳುತ್ತಾರೆ. ಷಡ್ರಸಗಳಲ್ಲಿ ತಿಕ್ತಕ್ಕೆ, ಅಂದರೆ ಕನ್ನಡದ ಕಹಿಗೆ, ಗೌರವದ ಸ್ಥಾನವಿರುವುದು ನಿಜ. ತನ್ನಲ್ಲಿ ರುಚಿಯಿಲ್ಲದಿದ್ದರೂ ನಾಲಗೆಯ ಜಡತೆಯನ್ನು ಕಳೆದು ಬೇರೆ ಆಹಾರದಲ್ಲಿ ರುಚಿಯನ್ನು ಹುಟ್ಟಿಸುವುದು ಅದರ ಗುಣವೆಂದು ವೈದ್ಯರು ಹೇಳಿದರು. ಅದಕ್ಕೇ ಯುಗಾದಿಯ ದಿನ ಬೇವಿನ ಎಸಳನ್ನು ಬೆಲ್ಲದೊಡನೆ ತಿನ್ನುವುದು. ಅದಕ್ಕೇ ಮಲೆನಾಡಿನ ಊಟದಲ್ಲಿ ಹಾಗಲಕಾಯಿಯ ಗೊಜ್ಜು, ಮೆಂತ್ಯದ ಮಜ್ಜಿಗೆ, ಮಳೆಗಾಲದ ಕಷಾಯ. ಚಳಿಜ್ವರವು ಮಲೆನಾಡನ್ನು ಹಾಳುಮಾಡುತ್ತಿದ್ದ ಕಾಲದಲ್ಲಿ ಕ್ವಿನೈನಿನ ಕಹಿಯೇ ಅನೇಕರ ಪ್ರಾಣವನ್ನುಳಿಸಿತು. ಆದರೆ ಈ ಯಾವ ಕಹಿಯನ್ನೂ ಯಾರೂ ಅರ್ಧ ಲೀಟರಿನ ಲೋಟದಲ್ಲಿ ಕೇಳಲಿಲ್ಲ. ಬೇವಿನ ಎಸಳು ಒಂದು ಚಿಟಿಕೆ; ಅರಿಷ್ಟವು ಊಟವಾದ ಮೇಲೆ ಸಮಭಾಗ ನೀರು ಬೆರೆಸಿ ಕೆಲವು ಚಮಚ. ಮಾತ್ರೆಯನ್ನು ಮೀರಿದರೆ ಔಷಧವೂ ಔಷಧವಲ್ಲ. ಇನ್ನು ಚರಕಸಂಹಿತೆಯಲ್ಲಿ ಮದ್ಯದ ವಿಚಾರವು ವಿಸ್ತಾರವಾಗಿ ಬರುವುದೆಲ್ಲಿ? ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯದಲ್ಲಿ. ಆ ಅಧ್ಯಾಯದ ಹೆಸರು ‘ಮದಾತ್ಯಯ’, ಅಂದರೆ ಕುಡಿತದಿಂದ ಬರುವ ರೋಗಗಳ ಚಿಕಿತ್ಸೆ. ರೋಗಾಧ್ಯಾಯದಿಂದ ಪ್ರಶಂಸಾಪತ್ರವನ್ನು ಕಿತ್ತು ತರುವುದು ಪಾಂಡಿತ್ಯವಲ್ಲ.

ಈಗಿನ ವೈದ್ಯಶಾಸ್ತ್ರದ ಮಾತು ಇನ್ನೂ ಸ್ಪಷ್ಟವಾಗಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಮದ್ಯಪಾನೀಯಗಳನ್ನು ಮನುಷ್ಯನಿಗೆ ಕ್ಯಾನ್ಸರ್ ತರುವುದು ನಿಶ್ಚಿತವಾದ ವಸ್ತುಗಳ ಮೊದಲನೆಯ ವರ್ಗದಲ್ಲಿ ಇರಿಸಿತು. ಇಷ್ಟು ಕುಡಿದರೆ ಆರೋಗ್ಯಕ್ಕೆ ಅಪಾಯವಿಲ್ಲವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪು ವಿಭಾಗವು 2023ರ ಜನವರಿಯಲ್ಲಿ ಹೇಳಿತು. ಮದ್ಯಸಾರವು ಗಂಟಲಿನಿಂದಿಳಿಯುವಾಗ ತಾನು ಕೈಗೆಲಸದ ಬಿಯರಿನಿಂದ ಬಂದೆನೆ, ಸಂತೆಯ ಪೊಟ್ಟಣದಿಂದ ಬಂದೆನೆ ಎಂದು ಯಕೃತ್ತಿಗೆ ಪರಿಚಯ ಹೇಳಿಕೊಳ್ಳುವುದಿಲ್ಲ.

ಮೂರನೆಯ ಪೂರ್ವಪಕ್ಷ: ‘ಇದು ಅವರವರ ಸ್ವಂತ ವಿಷಯ, ಸಭ್ಯರು ಸಭ್ಯವಾಗಿ ಕುಡಿಯುತ್ತಾರೆ, ಪ್ರವಾಸಿಗಳಿಂದ ಬೆಟ್ಟದ ಜನಕ್ಕೆ ನಾಲ್ಕು ಕಾಸು ಬರುತ್ತದೆ.’

ಈ ಮಾತೇ ಎಲ್ಲಕ್ಕಿಂತ ಹೆಚ್ಚಾಗಿ ವಿಚಾರಾರ್ಹವಾದದ್ದು. ಏಕೆಂದರೆ ಒಂದು ತೋಟದಲ್ಲಿ ಇರುವುದು ಒಂದು ಬಂಗಲೆ ಮಾತ್ರವಲ್ಲ, ಕೆಳಗೆ ಲೈನ್ ಮನೆಗಳೂ ಇವೆ. ಬಟವಾಡೆಯ ದಿನ ಕೂಲಿಯಾಳು ಸಂತೆಗೆ ಹೋಗಿ ಕುಡಿದು ಬಂದರೆ ಅದಕ್ಕೆ ಕುಡಿತವೆಂದು ಹೆಸರು. ಮರುದಿನ ಅವನು ಕೆಲಸಕ್ಕೆ ಬಾರದಿದ್ದರೆ ಮೇಸ್ತ್ರಿ ಬೈಯುತ್ತಾನೆ, ರೈಟರು ಹಾಜರಿ ಪುಸ್ತಕದಲ್ಲಿ ಗೀಟು ಎಳೆಯುತ್ತಾರೆ, ಸಾಹುಕಾರರು ‘ಈ ಜನ ಉದ್ಧಾರವಾಗುವುದಿಲ್ಲ’ ಎಂದು ನಿಟ್ಟುಸಿರು ಬಿಡುತ್ತಾರೆ. ಅದೇ ರಾತ್ರಿ ಅದೇ ಗುಡ್ಡದ ಮೇಲೆ ಅದೇ ಮದ್ಯಸಾರವು ಗಾಜಿನ ಲೋಟದಲ್ಲಿ ಸುರಿಯಲ್ಪಟ್ಟರೆ ಅದಕ್ಕೆ ರಸಜ್ಞತೆಯೆಂದು ಹೆಸರು. ಕೆಳಗೆ ಕುಡಿದವನಿಗೆ ವಿಶೇಷಣಗಳು ಗೊತ್ತಿಲ್ಲ. ಮೇಲೆ ಕುಡಿದವನಿಗೆ ಗೊತ್ತು. ಇದೊಂದೇ ವ್ಯತ್ಯಾಸ. ವಿಶೇಷಣವು ಪಾಪವನ್ನು ತೊಳೆಯುವುದಾದರೆ ನಿಘಂಟೇ ತೀರ್ಥವಾಗಲಿ!

ರಾಜ್ಯದ ನಡತೆಯೂ ಈ ಎರಡು ಅಳತೆಗಳಿಂದ ಮುಕ್ತವಾಗಿಲ್ಲ. ಕರ್ನಾಟಕದಲ್ಲಿ ಬಡವರ ಸಾರಾಯಿಯು 2007ರ ಜುಲೈ 1ರಿಂದ ನಿಷಿದ್ಧವಾಯಿತು. ಅದು ಒಳ್ಳೆಯದೇ, ಎಷ್ಟೋ ಹೆಂಗಸರು ಅದಕ್ಕಾಗಿ ಹೋರಾಡಿದ್ದರು. ಆದರೆ ಕುಡಿಯುವವನು ನಿಲ್ಲಿಸಲಿಲ್ಲ. ಅಗ್ಗದ ವಿಸ್ಕಿ ರಮ್ಮುಗಳ ಪೊಟ್ಟಣಕ್ಕೆ ತಿರುಗಿ ಮೊದಲಿಗಿಂತ ಹೆಚ್ಚು ಹಣ ತೆತ್ತನು. ನಾಲ್ಕು ವರ್ಷಗಳು ಕಳೆಯುವುದರೊಳಗೆ ಪಟ್ಟಣದ ಸಭ್ಯರಿಗಾಗಿ ಬಿಯರ್ ಕುದಿಸುವ ಪಾನಗೃಹಗಳು ಪರವಾನಗಿ ಪಡೆದು ಎದ್ದವು. ಮದ್ಯನಿಷೇಧಕ್ಕೆ ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ಅನುಚ್ಛೇದವು ಹೇಳುತ್ತದೆ. ಅದು ಸಾರಾಯಿಗೊಂದು, ಸೀಸೆಗೊಂದು ಎಂದು ಬೇರೆಬೇರೆಯಾಗಿ ಹೇಳುವುದಿಲ್ಲ. ಮೇಲಿನವರು ಬಿಡದ ಚಟವನ್ನು ಕೆಳಗಿನವರು ಬಿಡಬೇಕೆಂದು ಉಪದೇಶಿಸುವ ಅಧಿಕಾರ ಯಾರಿಗಿದೆ? ಬಂಗಲೆಯ ಜಗಲಿಯಲ್ಲಿ ಲೋಟ ತೊಳೆಯುವ ಹುಡುಗನು ಲೈನ್ ಮನೆಯವನೇ ಅಲ್ಲವೆ? ಅವನು ಕಲಿಯುವ ಪಾಠವು ಯಾವುದೆಂದು ಮನೆಯವರು ಯೋಚಿಸಿದ್ದಾರೆಯೆ?

ಇನ್ನು ‘ಸ್ವಂತ ವಿಷಯ’ವೆಂಬುದು. ತೋಟದಿಂದ ಹೊರಟವನು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಇಳಿಯಬೇಕು, ಇಲ್ಲವೆ ಕಳಸದಿಂದ ಕುದುರೆಮುಖದ ಕಾಡಿನ ದಾರಿಯಲ್ಲಿ ಸಾಗಬೇಕು. ವಾಹನ ನಡೆಸುವವನ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರಕೂಡದೆಂದು ಮೋಟಾರು ವಾಹನ ಕಾಯಿದೆಯ 185ನೆಯ ಕಲಮು ವಿಧಿಸುತ್ತದೆ. ಮೇಲೆ ಲೆಕ್ಕಹಾಕಿದ ಒಂದೇ ಲೋಟವು ಸಾಧಾರಣ ಮೈಕಟ್ಟಿನವನನ್ನು ಆ ಗೆರೆಯಾಚೆ ದಾಟಿಸುವುದಕ್ಕೆ ಸಾಕು. ಮಂಜು ಮುಸುಕಿದ ತಿರುವಿನಲ್ಲಿ ಎದುರಿನಿಂದ ಬರುವವನು ಈ ರಸಗೋಷ್ಠಿಗೆ ಆಹ್ವಾನಿತನಾಗಿರಲಿಲ್ಲ. ಅವನ ಪ್ರಾಣವು ಯಾರ ಸ್ವಂತ ವಿಷಯ?

ಹಣ ಬರುತ್ತದೆಯೆಂಬ ಮಾತಿಗೆ ಉತ್ತರವು ಸುಲಭ. ಬೆಟ್ಟಕ್ಕೆ ಬಂದವನು ಬೆಟ್ಟದ ವಸ್ತುವಿಗಾಗಿ ಹಣ ತೆತ್ತರೆ ಅದು ಬೆಟ್ಟದಲ್ಲಿ ನಿಲ್ಲುತ್ತದೆ; ಬೇರೆ ಕಡೆ ಕುದಿಸಿ ತಂದ ಬಿಯರಿಗೆ ತೆತ್ತ ಹಣವು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಹಾಗಾದರೆ ಬೆಟ್ಟದ ವಸ್ತುವು ಯಾವುದು? ಇಲ್ಲಿಂದ ಮುಂದೆ ವಾದವು ಎದುರಾಳಿಯನ್ನು ಬಿಟ್ಟು ಮನೆಯವರ ಕಡೆಗೇ ತಿರುಗಬೇಕಾಗಿದೆ.

ಕಹಿಯನ್ನು ರಸವನ್ನಾಗಿ ಮಾಡುವ ವಿದ್ಯೆಯು ಈ ಬೆಟ್ಟಗಳಿಗೆ ಹೊಸದಲ್ಲ. ಬಾಬಾ ಬುಡನ್ ಎಂಬ ಸಂತನು ಹದಿನೇಳನೆಯ ಶತಮಾನದಲ್ಲಿ ಯೆಮೆನಿನ ಮೋಖಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದನೆಂದು ಐತಿಹ್ಯ. ರೋಗಗಳಿಂದ ತೋಟಗಳು ನಾಶವಾಗುತ್ತಿದ್ದಾಗ, ಮೈಸೂರು ಸರ್ಕಾರದ ವ್ಯವಸಾಯ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ 1925ರಲ್ಲಿ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರವು ಹುಟ್ಟಿತು. ಅಲ್ಲಿಂದ ಹೊರಬಂದ ಎಸ್. 795 ಎಂಬ ಅರೇಬಿಕಾ ತಳಿಯು ಇಂದಿಗೂ ಗುಡ್ಡಗಳಲ್ಲಿ ನಿಂತಿದೆ. ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಎಂಬ ಹೆಸರುಗಳು 2019ರಲ್ಲಿ ಭೌಗೋಳಿಕ ಸೂಚಕವೆಂಬ ಮುದ್ರೆಯನ್ನು ಪಡೆದವು. ಅಂದರೆ ಈ ಮಣ್ಣಿನ ಕಾಫಿಗೆ ಈ ಮಣ್ಣಿನದೇ ಆದ ರುಚಿಯೊಂದಿದೆಯೆಂದು ಕಾನೂನೇ ಒಪ್ಪಿದೆ. ಒಪ್ಪದಿರುವುದು ಬೆಳೆಯುವವರ ನಾಲಗೆ ಮಾತ್ರ!

ಕಾಫಿಯ ಕಹಿಗೂ ಹಾಪ್ಸಿನ ಕಹಿಗೂ ಒಂದು ಸಾಮ್ಯವಿದೆ. ಎರಡೂ ಬೆಂಕಿಯ ಮಕ್ಕಳು. ಹಾಪ್ಸಿನ ಆಮ್ಲವು ಕುದಿದು ಕಹಿಯಾಗುವಂತೆ, ಕಾಫಿ ಬೀಜದ ಕ್ಲೋರೋಜೆನಿಕ್ ಆಮ್ಲಗಳು ಹುರಿಯುವಾಗ ರೂಪಾಂತರ ಹೊಂದಿ ಕಹಿಯಾಗುತ್ತವೆ. ಜನರು ತಿಳಿದಂತೆ ಕಹಿಯ ಬಹುಭಾಗವು ಕೆಫೀನಿನದಲ್ಲ. ಹದವಾಗಿ ಹುರಿದರೆ ಕಹಿಯ ಹಿಂದೆ ಹುಳಿ, ಸಿಹಿ, ಹಣ್ಣಿನ ಕಂಪು, ಸಾಂಬಾರದ ಕಂಪು ಒಂದೊಂದಾಗಿ ತೋರುತ್ತವೆ. ಹೆಚ್ಚು ಹುರಿದರೆ ಎಲ್ಲವೂ ಸುಟ್ಟು ಬರಿಯ ಕರಕಲು ಉಳಿಯುತ್ತದೆ. ಕಿತ್ತಳೆ ಸಿಪ್ಪೆಯ ಕಂಪನ್ನು ಹುಡುಕತಕ್ಕವರಿಗೆ ತಮ್ಮ ತೋಟದ ನೆರಳಿನಲ್ಲಿಯೇ ಕೆಲಸ ಬೇಕಾದಷ್ಟಿದೆ. ಇಲ್ಲಿ ಅಮಲಿಲ್ಲ, ಎರಡನೆಯ ಬಟ್ಟಲಿಗೆ ವಿವೇಚನೆ ಕುಗ್ಗುವ ಭಯವಿಲ್ಲ, ಹೆಚ್ಚೆಂದರೆ ಒಂದು ರಾತ್ರಿಯ ನಿದ್ರೆ ಹೋದೀತು.

ಆದರೆ ನಡೆಯುತ್ತಿರುವುದೇನು? ಈ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದಲ್ಲಿ ಬೆಳೆಯುತ್ತದೆ. ದೇಶದ ಬೆಳೆಯ ಹೆಚ್ಚಿನ ಭಾಗವು ಹಡಗು ಹತ್ತಿ ಇಟಲಿ, ಜರ್ಮನಿ ಮೊದಲಾದ ದೇಶಗಳಿಗೆ ಹೋಗುತ್ತದೆ. ಒಳ್ಳೆಯ ಬೀಜವೆಲ್ಲ ಮೂಟೆ ಕಟ್ಟಿ ಕ್ಯೂರಿಂಗ್ ವರ್ಕ್ಸಿಗೆ ಹೋದ ಮೇಲೆ ಹಲವು ಬೆಳೆಗಾರರ ಮನೆಗಳಲ್ಲಿ ಉಳಿಯುವುದು ಜೊಳ್ಳು ಮತ್ತು ಉದುರುಕಾಯಿ. ಅದನ್ನು ಕಪ್ಪಾಗುವಂತೆ ಹುರಿದು, ಚಿಕೋರಿಯೊಡನೆ ಕಲಸಿ, ಹಾಲು ಸಕ್ಕರೆ ಸುರಿದು ಕುಡಿಯುತ್ತಾರೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿಯು ನೂರಕ್ಕೆ 51ಕ್ಕಿಂತ ಕಡಮೆಯಿರಕೂಡದೆಂದು ಕಾನೂನು. ಎಂದರೆ 49 ಪಾಲು ಬೇರೆಯ ಬೇರನ್ನು ಕಾಫಿಯ ಜೊತೆ ಮಾರಲು ಅನುಮತಿಯೆಂದಾಯಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಕೆ? ಹಾಪ್ಸಿನ ಕಹಿಯಲ್ಲಿ ಏಳು ಹಣ್ಣುಗಳ ಹೆಸರು ಹೇಳಬಲ್ಲ ಮಗನಿಗೆ, ತನ್ನ ತಂದೆಯ ಕಣದಲ್ಲಿ ಒಣಗಿದ ಕಾಫಿಯ ಗುಣವನ್ನು ಒಂದು ವಾಕ್ಯದಲ್ಲಿ ಹೇಳಲು ಬಾರದು.

ಇದರ ತಪ್ಪು ಮಗನೊಬ್ಬನದೇ ಅಲ್ಲ. ಇದಕ್ಕೆ ಚಾರಿತ್ರಿಕ ಕಾರಣವೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿದಾಗ ಬೆಳೆಗಾರನನ್ನು ಉಳಿಸಲು ಪೂಲ್ ಪದ್ಧತಿಯು ಬಂದಿತು. 1942ರ ಕಾಫಿ ಕಾಯಿದೆಯು ಅದನ್ನು ನೆಲೆಗೊಳಿಸಿತು. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕು; ಎಲ್ಲರ ಬೀಜವೂ ಒಂದೇ ರಾಶಿಗೆ ಸೇರುತ್ತದೆ; ಹಣವು ಕಂತುಗಳಲ್ಲಿ ಬರುತ್ತದೆ. ಆ ವ್ಯವಸ್ಥೆಯು ಅಂದು ಉಪಕಾರಿಯಾಗಿತ್ತು; ಆದರೆ ತನ್ನ ಬೆಳೆಯ ರುಚಿಗೂ ತನಗೆ ಬರುವ ಬೆಲೆಗೂ ನೇರವಾದ ಸಂಬಂಧ ಕಾಣದ ಬೆಳೆಗಾರನು ನಾಲಗೆಯನ್ನು ಉಪಯೋಗಿಸುವುದನ್ನೇ ಮರೆತನು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಗಿ 1996ರ ವೇಳೆಗೆ ಪೂರ್ಣವಾಗಿ ಬಿಚ್ಚಿಹೋಯಿತು. ಕಟ್ಟು ಬಿಚ್ಚಿ ಕಾಲು ಶತಮಾನಕ್ಕೂ ಮೀರಿ ಆಯಿತು. ಅಭ್ಯಾಸ ಮಾತ್ರ ಬಿಡಲಿಲ್ಲ. ಇಂದಿಗೂ ಬಹುಮಂದಿ ಮೂಟೆಯ ತೂಕ, ಔಟ್‌ಟರ್ನು, ಆ ದಿನದ ದರ ಇವಿಷ್ಟನ್ನೇ ಕೇಳಿ ವರ್ತಕನಿಗೆ ಕೊಡುತ್ತಾರೆ. ಕೊಂಡವನು ರುಚಿ ನೋಡುತ್ತಾನೆ, ಮಾರುವವನು ನೋಡುವುದಿಲ್ಲ. ಒರೆಗಲ್ಲು ಕೊಳ್ಳುವವನ ಕೈಯಲ್ಲಿ ಮಾತ್ರವಿದ್ದರೆ ಚಿನ್ನದ ಬೆಲೆಯನ್ನು ಹೇಳುವವರು ಯಾರು?

ಈ ವಿದ್ಯೆಯು ಕನ್ನಡನಾಡಿನಲ್ಲಿ ಇಲ್ಲದಿಲ್ಲ. ಕಾಫಿ ಮಂಡಳಿಯ ಗುಣನಿಯಂತ್ರಣ ವಿಭಾಗದಲ್ಲಿ ಬಹುಕಾಲ ದುಡಿದು, ಅನಂತರ ಬೆಂಗಳೂರಿನಲ್ಲಿ ತಮ್ಮದೇ ಪರೀಕ್ಷಾಲಯವನ್ನು ಸ್ಥಾಪಿಸಿದ ಸುನಾಲಿನಿ ಮೆನನ್ ಅವರು ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿಪರೀಕ್ಷಕಿಯೆಂದು ಜಗತ್ತಿನಲ್ಲಿ ಹೆಸರಾದರು. ಮಂಡಳಿಯೇ ಈ ವಿಷಯದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಶಿಕ್ಷಣವನ್ನು ನಡೆಸುತ್ತದೆ. ಮನೆಯ ಮಟ್ಟಿಗೆ ಅಷ್ಟೂ ಬೇಡ. ಚಿಕ್ಕದೊಂದು ಹುರಿಯುವ ಯಂತ್ರ, ಅದಿಲ್ಲದಿದ್ದರೆ ದಪ್ಪ ಬಾಣಲೆ. ಒಂದು ತಕ್ಕಡಿ, ಐದು ಬಟ್ಟಲು, ಎರಡು ಚಮಚ, ಒಂದು ಪುಸ್ತಕ, ಉಗುಳುವುದಕ್ಕೊಂದು ಪಾತ್ರೆ ಸಾಕು. ಕೊಯ್ಲಿನ ಪ್ರತಿ ಸುತ್ತಿನದನ್ನೂ ಒಂದು ಸೇರು ಬೇರೆ ಎತ್ತಿಟ್ಟು ನೋಡಿದರೆ, ಹಸುರು ಕಾಯಿ ಸೇರಿದ್ದರೆ ಒಗರು ತಿಳಿಯುತ್ತದೆ. ತೊಟ್ಟಿಯಲ್ಲಿ ಹೆಚ್ಚು ಹೊತ್ತು ಹುಳಿತಿದ್ದರೆ ಹುಳಿತ ವಾಸನೆ ತಿಳಿಯುತ್ತದೆ. ಕಣದಲ್ಲಿ ಸರಿಯಾಗಿ ಒಣಗದಿದ್ದರೆ ಬೂಷ್ಟಿನ ವಾಸನೆ ತಿಳಿಯುತ್ತದೆ. ತಿಳಿದ ದೋಷವನ್ನು ಮುಂದಿನ ಸುತ್ತಿನಲ್ಲಿ ತಿದ್ದಬಹುದು. ತಿದ್ದಿದ ಕಾಫಿಗೆ ಬೆಲೆ ಕೇಳಬಹುದು. ಇದು ರುಚಿಪರೀಕ್ಷೆ, ಇದರಿಂದ ತೋಟ ಉಳಿಯುತ್ತದೆ, ಕೂಲಿಯವನಿಗೆ ಕೂಲಿ ಹೆಚ್ಚಿಸಲು ಅವಕಾಶವಾಗುತ್ತದೆ. ಆ ಮೇಜಿನ ಸುತ್ತ ಮನೆಯ ಹೆಂಗಸರೂ, ಹಣ್ಣು ಕೊಯ್ದ ಕೂಲಿಯವರೂ ಕುಳಿತುಕೊಳ್ಳಬಹುದು. ಯಾರೂ ಯಾರಿಗೂ ಮರೆಮಾಚಬೇಕಾದದ್ದಿಲ್ಲ. ಬಿಯರಿನ ಮೇಜಿಗೆ ಈ ಯೋಗ್ಯತೆಯಿದೆಯೆ?

ಜಿಲ್ಲೆಯ ಸಾಹಿತ್ಯ ಸಂಘಗಳೂ ಪಾಠಶಾಲೆಗಳೂ ಇದನ್ನು ತಮ್ಮ ಕೆಲಸವಲ್ಲವೆಂದು ತಿಳಿಯಬಾರದು. ರುಚಿಗೆ ಶಬ್ದ ಬೇಕು. ಶಬ್ದವನ್ನು ಕೊಡತಕ್ಕದ್ದು ಸಾಹಿತ್ಯ. ಬಿಯರಿನ ರಸಜ್ಞರು ಬಳಸುವ ಮಾತುಗಳೆಲ್ಲ ಪರದೇಶದ ಹಣ್ಣುಹಂಪಲುಗಳಿಂದ ಬಂದವು. ಮಲೆನಾಡಿನ ನಾಲಗೆಗೆ ಹಲಸಿನ ತೊಳೆ, ಮುರುಗಲ ಹುಳಿ, ಅಪ್ಪೆಮಿಡಿಯ ಸೊನೆ, ಏಲಕ್ಕಿಯ ಸಿಪ್ಪೆ, ಜೋನಿಬೆಲ್ಲ, ಕಿತ್ತಳೆಯ ಎಲೆ, ಮೊದಲ ಮಳೆಯ ಮಣ್ಣು ಇವೆಲ್ಲವೂ ಪರಿಚಿತ. ಈ ಮಾತುಗಳಿಂದ ಕಾಫಿಯ ಗುಣವನ್ನು ಹೇಳುವ ಒಂದು ಕನ್ನಡ ಪರಿಭಾಷೆಯು ಏಕೆ ಹುಟ್ಟಬಾರದು? ತಿಂಗಳಿಗೊಮ್ಮೆ ಸಂಘದ ಭವನದಲ್ಲಿ ಹತ್ತು ತೋಟಗಳ ಕಾಫಿಯನ್ನು ಹೆಸರು ಮರೆಮಾಡಿ ಇಟ್ಟು, ಎಲ್ಲರೂ ರುಚಿ ನೋಡಿ, ಕನ್ನಡದಲ್ಲಿ ಬರೆದಿಟ್ಟರೆ, ಕೆಲವೇ ವರ್ಷಗಳಲ್ಲಿ ಪುಸ್ತಕವೂ ಆಗುತ್ತದೆ, ಪರೀಕ್ಷಕರೂ ಆಗುತ್ತಾರೆ.

ಬೆಂಗಳೂರಿನಿಂದ ಬರುವ ಮಕ್ಕಳ ಸೂಕ್ಷ್ಮ ನಾಲಗೆಯನ್ನು ಯಾರೂ ಹಳಿಯಬೇಕಾಗಿಲ್ಲ. ಅದು ಮನೆಗೆ ಬಂದ ಭಾಗ್ಯ. ಅದನ್ನು ಅವರು ಎಲ್ಲಿ ಕಲಿತರೂ ಚಿಂತೆಯಿಲ್ಲ, ಎಲ್ಲಿ ಉಪಯೋಗಿಸುತ್ತಾರೆಂಬುದು ಚಿಂತೆ. “ಇದು ಕುಡಿತವಲ್ಲ, ರುಚಿಪರೀಕ್ಷೆ” ಎಂದು ಮಗನು ಹೇಳಿದಾಗ ತಂದೆಯು ಕೋಪಿಸಬೇಕಾದದ್ದೂ ಇಲ್ಲ, ಸುಮ್ಮನಿರಬೇಕಾದದ್ದೂ ಇಲ್ಲ. “ಹಾಗಾದರೆ ಒಂದು ಗುಟುಕಿಗೆ ನಿಲ್ಲಿಸು, ಮಗು, ನಾಳೆ ಬೆಳಗ್ಗೆ ತಿಳಿಯಾದ ನಾಲಗೆಯಲ್ಲಿ ನಮ್ಮ ಕಣದ ಕಾಫಿಯ ರುಚಿ ನೋಡಿ, ಅದರ ತಪ್ಪೊಪ್ಪುಗಳನ್ನು ಬರೆದುಕೊಡು” ಎಂದರೆ ಸಾಕು. ನಿಲ್ಲಿಸಬಲ್ಲವನು ರಸಜ್ಞನು; ನಿಲ್ಲಿಸಲಾರದವನು ಯಾರೆಂಬುದನ್ನು ಅವನೇ ತಿಳಿದುಕೊಳ್ಳಲಿ. ಅತಿವಿಸ್ತರದಿಂದ ಪ್ರಯೋಜನವಿಲ್ಲ.